ಮಮ್ಮಿ ಕೂತ ಶುಕ್ರವಾರಗಳು

ನಮ್ಮ ಮನೆಯಲ್ಲಿ ಯಾರೂ ಕೂರುತ್ತಿರಲಿಲ್ಲ. ಇದು ದೂರಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ದುಬೈಯ ಸತ್ವಾ ಬಡಾವಣೆಯ ಆ ಹಳೆಯ ವಿಲ್ಲಾದಲ್ಲಿ ಮಜ್ಲಿಸ್ ಎಂಬ ಉದ್ದನೆಯ ಹಜಾರವೊಂದಿತ್ತು. ಹಿಂದಿನ ಕಾಲದಲ್ಲಿ ಅದನ್ನು ಕಟ್ಟಿಸಿದವರು ಬಂದ ಅತಿಥಿಗಳು ಆರಾಮವಾಗಿ ಕೂರಲಿ ಎಂದೇ ಕಟ್ಟಿಸಿದ್ದು. ನಾವು ಬರುವ ಹೊತ್ತಿಗೆ ಅದರ ನಡುವೆ ಪ್ಲೈವುಡ್ ಹೊಡೆದು ಎರಡು ಮಾಡಿಯಾಗಿತ್ತು. ಒಂದು ಅರ್ಧ ನಮ್ಮದು. ಅಷ್ಟರಲ್ಲಿ ಒಂದು ಡಬಲ್ ಮಂಚ, ಅದರ ಅಡಿಯಿಂದ ಮಲಗುವಾಗ ಎಳೆಯುವ ನನ್ನ ಹಾಸಿಗೆ, ಬಾಗಿಲು ಸರಿಯಾಗಿ ಮುಚ್ಚದ ಕಪಾಟು, ಯೇಸುವಿನ ಪವಿತ್ರ ಹೃದಯದ ಪಟ, ಅದರ ಕೆಳಗೆ ಕೆಂಪು ಬಲ್ಬು, ಊರಿಗೆ ಹೋಗುವಾಗ ಬೇಕಾಗುತ್ತದೆಂದು ಕೂಡಿಟ್ಟ ರಟ್ಟಿನ ಪೆಟ್ಟಿಗೆಗಳು. ಕುರ್ಚಿಗೆ ಜಾಗವೇ ಇರಲಿಲ್ಲ. ಇದ್ದಿದ್ದರೂ ಕೂರುವವರು ಬೇಕಲ್ಲ? ಮಮ್ಮಿ ಆಸ್ಪತ್ರೆಯ ನರ್ಸು, ಪಪ್ಪ ಒಂದು ಹೋಟೆಲಿನ ಲಾಂಡ್ರಿಯಲ್ಲಿ ಸೂಪರ್‌ವೈಸರು. ಇಬ್ಬರಿಗೂ ಶಿಫ್ಟು. ಒಬ್ಬರು ಬರುವಾಗ ಒಬ್ಬರು ಹೊರಡುವುದು, ಗೇಟಿನ ಹತ್ತಿರ ಬೀಗದ ಕೈ ಕೈಬದಲಾಗುವುದು. ಮಮ್ಮಿ ಊಟವನ್ನೂ ನಿಂತೇ ಮಾಡುತ್ತಿದ್ದಳು, ಗ್ಯಾಸ್ ಒಲೆಯ ಪಕ್ಕ, ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಮರುದಿನದ ಬಂಗುಡೆ ಗಸಿ ತಿರುವುತ್ತಾ. ಕೂತರೆ ಏಳಲಿಕ್ಕಾಗುವುದಿಲ್ಲ ಎನ್ನುವುದು ಅವಳ ಸಿದ್ಧಾಂತ. ಮಲಗಿದಾಗ ಮಾತ್ರ ಅವಳು ಸುಮ್ಮನಿರುತ್ತಿದ್ದಳು, ಆಗಲೂ ಹೊದಿಕೆ ಮುಖದ ಮೇಲೆ. ನನಗೆ ಹನ್ನೊಂದು ವರ್ಷವಾಗುವ ತನಕ ನನ್ನ ತಾಯಿಯ ಮುಖವನ್ನು ನಾನು ನೆಟ್ಟಗೆ ನೋಡಿದ್ದೇ ಇಲ್ಲ ಎಂದರೆ ಜನ ನಗುತ್ತಾರೆ. ನಗಲಿ.

ವಿಲ್ಲಾವನ್ನು ಅರಬಿಯವರಿಂದ ಬಾಡಿಗೆಗೆ ಹಿಡಿದು ನಮಗೆಲ್ಲ ಕೋಣೆ ಕೋಣೆಯಾಗಿ ಕೊಟ್ಟಿದ್ದವರು ಭಟ್ಕಳದ ಇಕ್ಬಾಲ್ ಭಾಯಿ, ಮೂಲೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದವರು. ಅವರ ಮನೆಮಾತು ನವಾಯತಿ, ನಮ್ಮದು ಮಂಗಳೂರಿನ ಕೊಂಕಣಿ. ಎರಡೂ ಹತ್ತಿರದ ನೆಂಟರೇ. ಆದರೂ ಬಾಡಿಗೆ, ನೀರು, ಕಸ, ಜಗಳ ಎಲ್ಲ ಕನ್ನಡದಲ್ಲಿಯೇ ನಡೆಯುತ್ತಿತ್ತು. ನಾನು ಮಾತ್ರ ಯಾರು ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಅಧಿಕಪ್ರಸಂಗಿ. ಅತಿ ದೊಡ್ಡ ಜಗಳ ಏಸಿಯದು. ಮಜ್ಲಿಸಿಗೆ ಇದ್ದದ್ದು ಒಂದೇ ಏಸಿ, ಅದೂ ಆಚೆಯ ಅರ್ಧದಲ್ಲಿ. ಗಾಳಿ ನಮಗೂ ಬರಲೆಂದು ಪ್ಲೈವುಡ್ಡನ್ನು ಮಾಡಿನ ತನಕ ಮುಟ್ಟಿಸದೆ ಮೇಲೆ ಒಂದು ಮೊಳ ಬಿಟ್ಟಿದ್ದರು. ಗಾಳಿಯ ಜೊತೆ ಆಚೆಯವರ ಕೆಮ್ಮು, ಫೋನು, ಅಡುಗೆಯ ವಾಸನೆ ಎಲ್ಲವೂ ಬರುತ್ತಿದ್ದವು. ಆಚೆಯ ಕೋಣೆಗೆ ಒಬ್ಬ ಟರ್ಕಿ ಹೆಂಗಸು ಬರುತ್ತಾರೆಂದು ಇಕ್ಬಾಲ್ ಭಾಯಿ ಹೇಳಿದಾಗ, ಸದ್ಯ ಸಿಗರೇಟಿನ ವಾಸನೆ ಇರಲಿಕ್ಕಿಲ್ಲ ಎಂದು ಮಮ್ಮಿ ನಿಟ್ಟುಸಿರು ಬಿಟ್ಟಿದ್ದಳು. ಬಂದವರು ಸಿಗರೇಟನ್ನೂ ಸೇದುತ್ತಿದ್ದರು, ಜೊತೆಗೆ ಬಣ್ಣಕ್ಕೆ ಬೆರೆಸುವ ಟರ್ಪೆಂಟೈನಿನ ವಾಸನೆ ಬೇರೆ.

ಅವರ ಹೆಸರು ನೆರ್ಮಿನ್. ನಾನು ನೆರ್ಮಿನ್ ಆಂಟಿ ಎನ್ನುತ್ತಿದ್ದೆ. ಬಿಳಿ ಕೂದಲನ್ನು ಗಂಡಸರ ಹಾಗೆ ಕತ್ತರಿಸಿದ್ದ, ಅರವತ್ತರ ಹತ್ತಿರದ, ದಪ್ಪ ಕನ್ನಡಕದ ಹೆಂಗಸು. ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರು. ಆದರೆ ಯಾರಾದರೂ ಟೀಚರ್ ಎಂದರೆ ಅವರ ಹುಬ್ಬು ಗಂಟಾಗುತ್ತಿತ್ತು. ಚಿತ್ರ ಬರೆಯುವವಳು ನಾನು, ಟೀಚರ್ ಎನ್ನುವುದು ವೀಸಾದಲ್ಲಿ ಮಾತ್ರ ಎನ್ನುವರು. ಶಾಲೆಯಿಂದ ಬಂದು ಕೀಲಿಯಿಲ್ಲದೆ ಗೇಟಿನಲ್ಲಿ ನಿಂತಿದ್ದ ನನ್ನನ್ನು ಅವರೇ ಒಳಗೆ ಕರೆದು, ಸಣ್ಣ ಗಾಜಿನ ಲೋಟದಲ್ಲಿ ಹಾಲಿಲ್ಲದ ಚಹಾ ಕೊಟ್ಟರು. ಆಮೇಲೆ ಅದೇ ರೂಢಿಯಾಯಿತು. ಮಮ್ಮಿ ಅಥವಾ ಪಪ್ಪ ಬರುವ ತನಕ ಅವರ ನೆಲದ ಮೇಲೆ ಕಾಲು ಚಾಚಿ ಹೋಂವರ್ಕ್ ಮಾಡುತ್ತಿದ್ದೆ. ಅವರು ಕೆಲಸ ಮಾಡುತ್ತಾ ತಮ್ಮ ಕಥೆಯನ್ನು ನನಗಲ್ಲ, ಕ್ಯಾನ್ವಾಸಿಗೆ ಹೇಳುತ್ತಿರುವಂತೆ ಹೇಳುವರು. ಇಸ್ತಾಂಬುಲಿನ ಕಲಾಶಾಲೆಯಲ್ಲಿ ಅವರ ಗುರುಗಳು, ನಿನ್ನ ಕೈ ಚೆನ್ನಾಗಿದೆ, ಮದುವೆಯಾದ ಮೇಲೆ ಹೂವಿನ ಚಿತ್ರ ಬರೆಯಬಹುದು ಎಂದಿದ್ದರಂತೆ. ಆ ಸಿಟ್ಟಿನಲ್ಲಿ ಜೀವಮಾನವಿಡೀ ಒಂದು ಹೂವನ್ನೂ ಬರೆಯಲಿಲ್ಲ. ಮದುವೆಯಾದದ್ದು ಎಂಜಿನಿಯರನ್ನು. ಅವನ ಕೆಲಸ ಹೋದಲ್ಲೆಲ್ಲ ಹೋದರು, ಲಿಬಿಯಾ, ಕುವೈತ್, ಕೊನೆಗೆ ದುಬೈ. ಬಾಡಿಗೆ ಮನೆಗಳ ಅಡುಗೆಕೋಣೆಯಲ್ಲಿ, ಬಟ್ಟೆ ಒಣಗಿಸುವ ಬಾಲ್ಕನಿಯಲ್ಲಿ ಚಿತ್ರ ಬರೆದರು. ಪ್ರತಿಸಲ ಊರು ಬಿಡುವಾಗ ಸಾಮಾನು ಹೆಚ್ಚಾಯಿತೆಂದು ಮೊದಲು ಬಿಟ್ಟುಹೋಗುತ್ತಿದ್ದದ್ದು ಅವರ ಚಿತ್ರಗಳನ್ನೇ. ಹತ್ತು ಜನರ ಪ್ರದರ್ಶನದಲ್ಲಿ ಹನ್ನೊಂದನೆಯವರಾಗಿ ಗೋಡೆಯ ಮೂಲೆ ಸಿಗುತ್ತಿತ್ತು, ಹೆಸರಿನ ಪಕ್ಕ ಇಂಥವರ ಪತ್ನಿ ಎಂದಿರುತ್ತಿತ್ತು. ಗಂಡ ಟರ್ಕಿಗೆ ವಾಪಸು ಹೋದ, ಇವರು ಹೋಗಲಿಲ್ಲ. ಪ್ಲೈವುಡ್ಡಿನ ಆ ಅರ್ಧ ಕೋಣೆ ಅವರ ಪಾಲಿಗೆ ಚಿತ್ರಕ್ಕೆಂದೇ ಸಿಕ್ಕಿದ ಮೊದಲ ಕೋಣೆ.

ಈಗ ಅವರಿಗೆ ಅವಸರವಿತ್ತು. ಅರವತ್ತು ತುಂಬಿದ ಮೇಲೆ ಶಾಲೆ ವೀಸಾ ಮುಂದುವರಿಸುವುದಿಲ್ಲವೆಂದು ಹೇಳಿಯಾಗಿತ್ತು. ಬೇಸಿಗೆ ರಜೆ ಶುರುವಾದರೆ ಅವರು ದೇಶ ಬಿಡಬೇಕು. ಅಷ್ಟರೊಳಗೆ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್ ಎಂಬ ಕೈಗಾರಿಕಾ ಪ್ರದೇಶದಲ್ಲಿ ಅವರ ಪರಿಚಯದವರೊಬ್ಬರು ಖಾಲಿ ಬಿದ್ದ ಗೋದಾಮನ್ನು ಕೆಲವು ವಾರಗಳ ಮಟ್ಟಿಗೆ ಬಿಟ್ಟುಕೊಡುವವರಿದ್ದರು. ಇಡೀ ಗೋಡೆ, ನಾಲ್ಕೂ ಗೋಡೆ, ಅವರೊಬ್ಬರದೇ. ಜೀವನದಲ್ಲಿ ಮೊದಲ ಸಲ. ನಮ್ಮ ವಿಲ್ಲಾದವರನ್ನೇ ಬರೆಯುತ್ತಿದ್ದರು. ಬಟ್ಟೆ ಅಳೆಯುವ ಇಕ್ಬಾಲ್ ಭಾಯಿ, ಅಂಗಳದಲ್ಲಿ ಕಾರು ತೊಳೆಯುವವರು, ಕೆಂಪು ಬಲ್ಬಿನ ಕೆಳಗೆ ಮಲಗಿದ ಪಪ್ಪ. ಉಳಿದದ್ದು ಒಂದೇ, ಎಲ್ಲಕ್ಕಿಂತ ದೊಡ್ಡದು. ಅದರಲ್ಲಿ ಮಮ್ಮಿ ಕೂರಬೇಕಿತ್ತು.

ಮಮ್ಮಿ ಒಪ್ಪಿದ್ದು ನನ್ನಿಂದಾಗಿ. ಇಷ್ಟು ತಿಂಗಳು ಮಗಳನ್ನು ನೋಡಿಕೊಂಡವರಿಗೆ ಏನು ಕೊಟ್ಟರೂ ತೆಗೆದುಕೊಳ್ಳುವುದಿಲ್ಲ, ಮೀನು ಕೊಟ್ಟರೆ ಆಲಿವ್ ಬರುತ್ತದೆ, ಹಂಗಿನಲ್ಲಿರುವುದು ಮಮ್ಮಿಗೆ ಆಗದು. ಫೋಟೋ ಸ್ಟುಡಿಯೋದ ಹಾಗೆ ಒಂದು ಸಲ ಕೂತರೆ ಮುಗಿಯಿತು ಎಂದುಕೊಂಡಳು. ಆಗ ಅಲ್ಲಿ ವಾರದ ರಜೆ ಶುಕ್ರವಾರ, ನಮ್ಮ ಪಾಲಿಗೆ ಅದೇ ಭಾನುವಾರ. ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದವಳು ಅದೇ ಜರಿ ಸೀರೆಯಲ್ಲಿ, ಕರಿಮಣಿ ಎದ್ದು ಕಾಣುವಂತೆ ಹೊರಗೆ ಎಳೆದು, ಪೌಡರು ಹಾಕಿಕೊಂಡು ಆಚೆ ಹೋದಳು. ನೆರ್ಮಿನ್ ಆಂಟಿ ತಲೆಯಾಡಿಸಿದರು. ನಾನು ನಿನ್ನನ್ನು ನೋಡಿದ್ದು ಯೂನಿಫಾರ್ಮಿನಲ್ಲಿ, ಅದನ್ನು ಹಾಕಿಕೊಂಡು ಬಾ ಎಂದರು. ಅವರ ಮುರುಕು ಇಂಗ್ಲಿಷ್ ಅರ್ಥವಾಗದ ಮಮ್ಮಿಗೆ ನಾನೇ ಅದನ್ನು ಹೇಳಬೇಕಾಯಿತು.

"ಡ್ಯೂಟಿ ಬಟ್ಟೆಯಲ್ಲಿಯಾ? ಹಾಗಾದ್ರೆ ಆಸ್ಪತ್ರೆಗೇ ಬರಲಿ. ನಾನು ಕೂರುವುದಾದ್ರೆ ಸೀರೆಯಲ್ಲಿ ಕೂರ್ತೇನೆ ಅಂತ ಹೇಳು."

ಸೀರೆಯಲ್ಲೇ ಕೂತಳು. ಕುರ್ಚಿ ಸತ್ವಾದವರೆಲ್ಲರ ಕುರ್ಚಿಯ ಹಾಗೆ ಯಾರೋ ಮನೆ ಖಾಲಿ ಮಾಡುವಾಗ ಕಸದ ತೊಟ್ಟಿಯ ಪಕ್ಕ ಇಟ್ಟುಹೋದದ್ದು. ಅದಕ್ಕೆ ಮಮ್ಮಿ ನಮ್ಮ ಮನೆಯ ಟವೆಲು ಹಾಸಿ ಕೂತಳು. ಮೊದಲ ಹತ್ತು ನಿಮಿಷ ಬಾಯಿ ಬಿಗಿ ಹಿಡಿದು ಫೋಟೋಕ್ಕೆ ಕೂತವರ ಹಾಗೆ ಕೂತಿದ್ದಳು. ಆಮೇಲೆ ಅಭ್ಯಾಸವಿಲ್ಲದ ಆ ಕೂರುವಿಕೆ ಅವಳನ್ನು ಏನೋ ಮಾಡಿತು. ಭುಜ ಇಳಿಯಿತು. ಕೈಗಳು ಮಡಿಲಲ್ಲಿ ಮಗುಚಿಕೊಂಡವು. ನಾನು ನೆಲದ ಮೇಲೆ ಕೂತು ನೋಡಿದೆ. ಬಿಗಿಯಾದ ಕಾಲುಚೀಲದ ಅಂಚು ಅವಳ ಕಾಲಿನಲ್ಲಿ ಮೂಡಿಸಿದ್ದ ಗೆರೆ, ಸ್ಯಾನಿಟೈಸರಿಗೆ ಬಿಳಿಚಿ ಸಿಪ್ಪೆ ಎದ್ದ ಬೆರಳುಗಳು, ಎಡ ಹುಬ್ಬಿನ ನಡುವೆ ಕೂದಲು ಬಾರದ ಒಂದು ಸಣ್ಣ ಜಾಗ. ಅದು ಹೇಗಾಯಿತೆಂದು ಕೇಳಿದೆ. ಚಿಕ್ಕವಳಿದ್ದಾಗ ಬಾವಿಯ ರಾಟೆ ತಾಗಿದ್ದು ಎಂದಳು. ಆಮೇಲೆ ಆ ಬಾವಿ, ಆ ಅಂಗಳ, ಮರಿಯಮ್ಮನ ಹಬ್ಬ ಮೊಂತಿ ಫೆಸ್ತಿಗೆ ಹೂ ಕೊಯ್ಯಲು ಹೋಗಿ ಬೈಸಿಕೊಂಡದ್ದು, ಒಂದೊಂದೇ ಬಂತು. ಕೈಯಲ್ಲಿ ಕೆಲಸವಿಲ್ಲದಿದ್ದರೆ ನನ್ನ ತಾಯಿಗೂ ಮಾತು ಬರುತ್ತದೆಂದು ಗೊತ್ತಾದದ್ದು ಆವತ್ತು. ನಾನು ಹೋಂವರ್ಕ್ ಪುಸ್ತಕವನ್ನು ಬದಿಗೆ ಸರಿಸಿ ಅವಳ ಕಾಲಿನ ಹತ್ತಿರ ಜರುಗಿ ಕೂತೆ.

ಸಂಜೆಯಾಗುವಾಗ ಕ್ಯಾನ್ವಾಸಿನಲ್ಲಿ ಮುಖ ಬಂದಿತ್ತು. ಮಮ್ಮಿಯೇ, ಹುಬ್ಬಿನ ಆ ಜಾಗವೂ ಸೇರಿ. ಮಮ್ಮಿ ನೋಡಿ, ಪರವಾಗಿಲ್ಲ, ಸ್ವಲ್ಪ ಕಪ್ಪಾಯಿತು ಎಂದು ಟವೆಲು ಮಡಚಿದಳು. ನೆರ್ಮಿನ್ ಆಂಟಿ ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದರು. ಆಮೇಲೆ ಚಪ್ಪಟೆ ಅಲಗಿನ ಚೂರಿಯೊಂದನ್ನು ತೆಗೆದುಕೊಂಡು, ಬರೆದ ಮುಖವನ್ನು ಬೆಣ್ಣೆ ಕೆರೆದಂತೆ ಹಣೆಯಿಂದ ಗಲ್ಲದ ತನಕ ಕೆರೆದರು. ಉಳಿದದ್ದನ್ನು ಹಳೆ ಬನಿಯನ್ನಿನ ತುಂಡಿನಿಂದ ಒರೆಸಿ ಕಸದ ಬುಟ್ಟಿಗೆ ಹಾಕಿದರು. ಅದು ಅವರ ಕ್ರಮ. ದಿನದ ಕೊನೆಗೆ ಮುಖ ತಮ್ಮನ್ನು ಒಪ್ಪಿಸದಿದ್ದರೆ ಹಸಿಯಿರುವಾಗಲೇ ಒರೆಸಿಬಿಡುವುದು, ಮುಂದಿನ ಸಲ ಅದರ ನೆರಳಿನ ಮೇಲೆ ಹೊಸದಾಗಿ ಶುರುಮಾಡುವುದು. ಇಕ್ಬಾಲ್ ಭಾಯಿಯನ್ನೂ ಹಾಗೆಯೇ ಎಷ್ಟೋ ಸಲ ಒರೆಸಿದ್ದರು. ಆದರೆ ನಮ್ಮವರಲ್ಲಿ ಮುಖವಿರುವ ಪಟವನ್ನು ಕಸಕ್ಕೆ ಹಾಕುವುದಿಲ್ಲ. ಮಾಸಿದ ಸಂತರ ಪಟವಾದರೂ ಸುಟ್ಟು, ಬೂದಿಯನ್ನು ಗಿಡದ ಬುಡಕ್ಕೆ ಹಾಕುವುದು. ಮಮ್ಮಿ ಬುಟ್ಟಿಯಿಂದ ಆ ತುಂಡನ್ನು ಹೆಕ್ಕಿಕೊಂಡು ಬಂದಳು. ಇಡೀ ಸಂಜೆ ಪಪ್ಪನ ಹತ್ತಿರ ಗುರುಗುಟ್ಟಿದಳು. ಇದ್ದ ಒಂದು ರಜೆ ಹಾಳು, ಅಡುಗೆ ಬಾಕಿ, ಬದುಕಿರುವವಳ ಮುಖವನ್ನು ಕೆರೆದು ಬಿಸಾಡುತ್ತಾಳಲ್ಲ, ಇದೆಂಥ ಶಕುನ ಎಂದು. ಪಪ್ಪ, ಲಾಂಡ್ರಿಗೆ ಬಂದ ಬಟ್ಟೆಯನ್ನೂ ನಾವು ಎರಡು ಮೂರು ಸಲ ಒಗೆಯುವುದಿಲ್ಲವಾ ಎಂದು ನಗಾಡಿ ಬೈಸಿಕೊಂಡರು.

ಮಮ್ಮಿ ಮತ್ತೆ ಹೋದಳು. ಹಂಗು ತೀರಬೇಕಾದರೆ ಚಿತ್ರ ಮುಗಿಯಬೇಕು. ಶುಕ್ರವಾರದ ಮೇಲೆ ಶುಕ್ರವಾರ ಮುಖ ಬಂತು, ಶುಕ್ರವಾರದ ಮೇಲೆ ಶುಕ್ರವಾರ ಹೋಯಿತು. ಸೀರೆ ಮುಗಿಯಿತು, ಕುರ್ಚಿ ಮುಗಿಯಿತು, ಕೈಗಳು ಎಷ್ಟು ಚೆನ್ನಾಗಿ ಬಂದವೆಂದರೆ ಸಿಪ್ಪೆ ಎದ್ದ ಚರ್ಮವನ್ನು ಮುಟ್ಟಿ ನೋಡುವ ಆಸೆಯಾಗುತ್ತಿತ್ತು. ಮುಖ ಮಾತ್ರ ಇಲ್ಲ. ಮಮ್ಮಿಯ ಸಿಟ್ಟು ಏರುತ್ತಿತ್ತು, ನೆರ್ಮಿನ್ ಆಂಟಿಯ ದಿನಗಳು ಇಳಿಯುತ್ತಿದ್ದವು, ಅವರು ಸಿಗರೇಟಿನ ಮೇಲೆ ಸಿಗರೇಟು ಹಚ್ಚುತ್ತಿದ್ದರು. ಆ ಕೋಣೆಯಲ್ಲಿ ಸುಖವಾಗಿದ್ದವಳು ನಾನೊಬ್ಬಳೇ. ಚೂರಿ ಹಣೆಗೆ ತಾಗಿದ ಕೂಡಲೇ ನನಗೆ ಮನಸ್ಸಿನಲ್ಲಿ ಹಾಯೆನಿಸುತ್ತಿತ್ತು. ಒರೆಸಿದರು ಎಂದರೆ ಮುಂದಿನ ವಾರವೂ ಮಮ್ಮಿ ಕೂರುತ್ತಾಳೆ. ಮುಂದಿನ ವಾರ ಅವಳು ಸೋದರಮಾವನ ಮದುವೆಯ ಕಥೆ ಪೂರ್ತಿ ಮಾಡಬೇಕಿತ್ತು. ಇಗರ್ಜಿಯಲ್ಲಿ ಮೊಣಕಾಲೂರಿ ನಾನು ಬೇಡಿಕೊಳ್ಳುತ್ತಿದ್ದದ್ದು ಒಂದೇ, ದೇವರೇ, ಈ ಚಿತ್ರ ಯಾವತ್ತೂ ಮುಗಿಯದಿರಲಿ. ಪಕ್ಕದಲ್ಲಿ ಮೊಣಕಾಲೂರಿದ್ದ ಮಮ್ಮಿ ಬಹುಶಃ ಅದರ ಉಲ್ಟಾ ಕೇಳುತ್ತಿದ್ದಳು. ದೇವರಿಗೂ ಪೀಕಲಾಟ.

ಗೋದಾಮಿಗೆ ಚಿತ್ರಗಳನ್ನು ಸಾಗಿಸಲು ಇನ್ನೇನು ಒಂದು ವಾರ ಇದೆ ಎನ್ನುವಾಗಿನ ಶುಕ್ರವಾರ. ಆವತ್ತಿನ ಮುಖ ಎಲ್ಲಕ್ಕಿಂತ ಚೆನ್ನಾಗಿತ್ತು. ನೆರ್ಮಿನ್ ಆಂಟಿ ಕನ್ನಡಕ ತೆಗೆದರು, ಹಾಕಿದರು. ಅಷ್ಟರಲ್ಲಿ ಇಕ್ಬಾಲ್ ಭಾಯಿ ಗೇಟಿನಿಂದ ಕೂಗಿದರು, ಚಿತ್ರಗಳನ್ನು ಕಟ್ಟುವ ಮರದ ಪಟ್ಟಿಗಳು ಬಂದಿವೆ, ಯಲ್ಲಾ, ಬೇಗ ಬಂದು ಇಳಿಸಿಕೊಳ್ಳಿ ಎಂದು. ಅವರು ಹೊರಗೆ ಹೋದದ್ದೇ ತಡ, ಮಮ್ಮಿ ಕುರ್ಚಿಯಿಂದ ಎದ್ದಳು. ತನ್ನಷ್ಟೇ ಎತ್ತರದ ಆ ಕ್ಯಾನ್ವಾಸನ್ನು ಎರಡೂ ಕೈಗಳಿಂದ, ಹಾಸಿಗೆಯಿಂದ ರೋಗಿಯನ್ನು ಎತ್ತುವವಳ ಹಾಗೆ, ಬೆನ್ನು ನೆಟ್ಟಗಿಟ್ಟು ಎತ್ತಿದಳು.

"ಎಂತ ಬಾಯಿ ಬಿಟ್ಟು ನೋಡುವುದು? ಬಾಗಿಲು ತೆಗಿ. ಇವತ್ತು ಇದನ್ನು ಒರೆಸ್ಲಿಕ್ಕೆ ನಾನು ಬಿಡುವುದಿಲ್ಲ. ನಾಳೆಗೆ ಒಣಗ್ತದೆ, ಮತ್ತೆ ಅವರು ಎಂತ ಮಾಡಿಯಾರು?"

ಗೋಡೆಗೆ ಹೊಡೆದ ಬಣ್ಣ ಒಂದು ದಿನಕ್ಕೆ ಒಣಗುತ್ತದೆ. ಇದೂ ಬಣ್ಣವೇ ತಾನೆ ಎನ್ನುವುದು ಅವಳ ಲೆಕ್ಕ. ಎಣ್ಣೆಬಣ್ಣ ವಾರಗಟ್ಟಲೆ ಹಸಿಯಾಗಿರುತ್ತದೆಂದು ಅವಳಿಗೆ ಯಾರು ಹೇಳಿದ್ದರು? ಆ ಕೋಣೆಯಲ್ಲಿ ಅವಳು ಹೇಳುವುದನ್ನು ನಾವು ಕೇಳಿದ್ದೇ ಹೊರತು ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ನಮ್ಮ ಕೋಣೆಯಲ್ಲಿ ಅದನ್ನು ಇಡಲು ಇದ್ದದ್ದು ಒಂದೇ ಜಾಗ, ಕಪಾಟು ಮತ್ತು ಮಂಚದ ನಡುವೆ. ಮುಖ ಯಾರಿಗೂ ಕಾಣದಿರಲೆಂದು ಕಪಾಟಿನ ಕಡೆಗೆ ತಿರುಗಿಸಿ ಒತ್ತಿದಳು. ಕಪಾಟಿನ ಬಾಗಿಲ ಹೊರಗೆ ಹ್ಯಾಂಗರಿನಲ್ಲಿ ಅವಳ ಮರುದಿನದ ಯೂನಿಫಾರ್ಮು, ಇಸ್ತ್ರಿ ಹಾಕಿದ ಬಿಳಿ ಯೂನಿಫಾರ್ಮು ತೂಗುತ್ತಿತ್ತು. ಅವಳು ಅದನ್ನು ನೋಡಲೇ ಇಲ್ಲ. ಅವಳ ಬೆನ್ನ ಹಿಂದೆ ನಿಂತ ನನಗೆ ಕಂಡದ್ದು ಕ್ಯಾನ್ವಾಸಿನ ಹಿಂಬದಿ ಮಾತ್ರ.

ನೆರ್ಮಿನ್ ಆಂಟಿಗೆ ಹುಡುಕಲು ದೂರ ಹೋಗಬೇಕಿರಲಿಲ್ಲ, ಟರ್ಪೆಂಟೈನಿನ ವಾಸನೆಯೇ ದಾರಿ ತೋರಿಸಿತು. ಬಾಗಿಲಲ್ಲಿ ನಿಂತರು. ಮಮ್ಮಿ ಕ್ಯಾನ್ವಾಸಿಗೆ ಬೆನ್ನು ಕೊಟ್ಟು ಅಡ್ಡ ನಿಂತಳು. ನನ್ನ ಮುಖ, ನಾನು ಕೊಡುವುದಿಲ್ಲ ಎಂದು ಕೊಂಕಣಿಯಲ್ಲಿಯೇ ಹೇಳಿದಳು, ಅದನ್ನು ಯಾರೂ ಅನುವಾದಿಸಬೇಕಾಗಿರಲಿಲ್ಲ. ಮಂಚದಲ್ಲಿ ನಿದ್ದೆಯಲ್ಲಿದ್ದ ಪಪ್ಪ ಎದ್ದು ನಡುವೆ ಬಂದು ಸಮಾಧಾನ ಮಾಡುತ್ತಾ ಕ್ಯಾನ್ವಾಸನ್ನು ಮೆಲ್ಲನೆ ಹಿಂದಕ್ಕೆ ಎಳೆದರು. ಅದರ ಜೊತೆ ಯೂನಿಫಾರ್ಮೂ ಅಂಟಿಕೊಂಡು ಬಂತು, ಆಮೇಲೆ ತಾನಾಗಿ ಬಿಟ್ಟು ಜೋತುಬಿತ್ತು. ಬಿಳಿ ಬಟ್ಟೆಯ ಎದೆಯ ಮೇಲೆ ಮಮ್ಮಿಯ ಮುಖ, ಎಡ ಬಲವಾಗಿ, ಬಲ ಎಡವಾಗಿ. ಕ್ಯಾನ್ವಾಸಿನಲ್ಲಿ ಉಳಿದದ್ದು ಅದರ ಅರ್ಧ. ಕಣ್ಣುಗಳಿದ್ದವು, ಆದರೆ ಒಂದು ಕಡೆಗೆ ಜಾರಿದ್ದವು, ಬಾಯಿ ಇನ್ನೇನು ಏನೋ ಹೇಳಿ ಎದ್ದುಹೋಗುವಂತಿತ್ತು. ಮಮ್ಮಿ ಅಯ್ಯೋ ದೇವಾ ಎಂದು ಹಣೆಗೆ ಕೈ ಹಚ್ಚಿಕೊಂಡಳು. ನೆರ್ಮಿನ್ ಆಂಟಿ ಕೂಗುತ್ತಾರೆ ಎಂದು ನಾವೆಲ್ಲ ಕಾದೆವು. ಅವರು ಬಂದು ನಮ್ಮ ಮಂಚದ ಮೇಲೆ ಕೂತರು. ನೋಡಿದರು. ಕನ್ನಡಕ ತೆಗೆಯಲಿಲ್ಲ.

"ಆಯಿತು," ಎಂದರು ತಮ್ಮ ಮುರುಕು ಇಂಗ್ಲಿಷಿನಲ್ಲಿ. "ಇದೇ. ಇಷ್ಟು ದಿನ ನನಗೆ ಸಿಗದೇ ಇದ್ದದ್ದು ಇದೇ. ಇನ್ನು ನಾನು ಮುಟ್ಟುವುದಿಲ್ಲ."

ನಾನು ಅಳಲು ಶುರುಮಾಡಿದೆ. ಯೂನಿಫಾರ್ಮು ಹಾಳಾಯಿತೆಂದು ಅಳುತ್ತಿದ್ದೇನೆ ಎಂದುಕೊಂಡ ಪಪ್ಪ, ಬಿಡು ಮಗಾ, ಇಂಥ ಕಲೆ ಎಷ್ಟು ತೆಗೆದಿದ್ದೇನೆ ಎಂದರು. ಅವರ ಲಾಂಡ್ರಿಯ ಯಾವ ಔಷಧಕ್ಕೂ ಅದು ಹೋಗಲಿಲ್ಲ, ಆ ಮಾತು ಬೇರೆ. ಮಮ್ಮಿ ನನ್ನ ಗಲ್ಲ ಹಿಡಿದು ಎತ್ತಿದಳು. ಎಂತ ಆಯಿತೀಗ, ಚಿತ್ರ ಮುಗಿಯಿತಲ್ಲ ಎಂದಳು.

"ಅದಕ್ಕೇ," ಎಂದೆ. "ಇನ್ನು ನೀನು ಕೂರುವುದಿಲ್ಲ."

ಕೊಂಕಣಿಯಲ್ಲಿಯೇ ಹೇಳಿದೆ. ಯಾಕೆಂದು ಗೊತ್ತಿಲ್ಲ, ಇಂಗ್ಲಿಷಿನಲ್ಲಿ ಅದು ಹೊರಗೆ ಬರುತ್ತಿರಲಿಲ್ಲ. ಮಮ್ಮಿ ನನ್ನ ಗಲ್ಲವನ್ನು ಹಿಡಿದುಕೊಂಡೇ ನನ್ನ ಮುಖವನ್ನು ನೋಡಿದಳು. ಆಮೇಲೆ ಬಿಟ್ಟು, ಮರುದಿನದ ಡ್ಯೂಟಿಗೆ ಇನ್ನೊಂದು ಯೂನಿಫಾರ್ಮಿಗೆ ಇಸ್ತ್ರಿ ಹಾಕಲು ಹೋದಳು.

ಗೋದಾಮಿಗೆ ನಾವೆಲ್ಲ ಇಕ್ಬಾಲ್ ಭಾಯಿಯ ವ್ಯಾನಿನಲ್ಲಿ ಹೋದೆವು. ಯಾರಾದರೂ ಗುರುತು ಹಿಡಿಯಲಿ ಎಂದು ಮಮ್ಮಿ ಅದೇ ಜರಿ ಸೀರೆ ಉಟ್ಟಿದ್ದಳು. ಯಾರೂ ಹಿಡಿಯಲಿಲ್ಲ. ಜನ ಜ್ಯೂಸಿನ ಲೋಟ ಹಿಡಿದು ಆ ಚಿತ್ರದ ಮುಂದೆಯೇ ಹೆಚ್ಚು ಹೊತ್ತು ನಿಂತು, ಪಕ್ಕದಲ್ಲಿದ್ದ ಮಮ್ಮಿಗೆ ಎಕ್ಸ್‌ಕ್ಯೂಸ್ ಮೀ ಎಂದು ಸರಿದು ಹೋಗುತ್ತಿದ್ದರು. ಬಾಗಿಲಲ್ಲಿ ನೆರ್ಮಿನ್ ಎಂದು ಮಾತ್ರ ಬರೆದಿತ್ತು, ಯಾರ ಪತ್ನಿ ಎಂದೂ ಇರಲಿಲ್ಲ. ಈ ಮುಖವನ್ನು ಹೇಗೆ ಮಾಡಿದಿರಿ ಎಂದು ಒಬ್ಬರು ಕೇಳಿದಾಗ ಅವರು ಮಮ್ಮಿಯನ್ನು ತೋರಿಸಿ, ಅವಳನ್ನೇ ಕೇಳಿ, ಮಾಡಿದ್ದು ಅವಳು ಎಂದರು. ಮಮ್ಮಿ ನಾಚಿ ನನ್ನ ಹಿಂದೆ ಬಂದು ನಿಂತಳು. ವಾಪಸು ಬರುವಾಗ ವ್ಯಾನಿನಲ್ಲಿ, ನನಗೆ ನಿದ್ದೆ ಬಂದಿದೆ ಎಂದುಕೊಂಡು ಪಪ್ಪನಿಗೆ ಹೇಳಿದಳು:

"ಕೈ ಎಲ್ಲ ಸರಿಯುಂಟು. ಮುಖ ಮಾತ್ರ ಡ್ಯೂಟಿಗೆ ಹೊರಟ ಹಾಗುಂಟು. ನಮ್ಮ ಮಗಳಿಗೆ ದಿನಾ ಕಾಣುವುದೂ ಅಷ್ಟೇಯಾ ಅಂತ."

ನೆರ್ಮಿನ್ ಆಂಟಿ ಹೋಗುವಾಗ ಆ ಚಿತ್ರವನ್ನು ಮಾರಲಿಲ್ಲ, ಬಿಟ್ಟೂ ಹೋಗಲಿಲ್ಲ. ಚೌಕಟ್ಟಿನಿಂದ ಬಿಡಿಸಿ, ಸುರುಳಿ ಸುತ್ತಿ, ಬಟ್ಟೆಗಳನ್ನು ನಮಗೆ ಕೊಟ್ಟು ಪೆಟ್ಟಿಗೆ ಹಗುರ ಮಾಡಿಕೊಂಡು ಅದನ್ನು ಜೊತೆಗೆ ಒಯ್ದರು. ಜೀವನದಲ್ಲಿ ಅವರು ಹಾಗೆ ಮಾಡಿದ್ದು ಅದೇ ಮೊದಲು. ಆಚೆಯ ಕೋಣೆಗೆ ಬೇರೆಯವರು ಬಂದರು, ಏಸಿಯ ಜಗಳ ಮುಂದುವರಿಯಿತು. ನಾವು ಅಬುಧಾಬಿಗೆ ಬಂದೆವು, ನಾನು ಊರಿಗೆ ಹೋಗಿ ಚಿತ್ರಕಲೆ ಕಲಿತು ಮರಳಿ ಬಂದು ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುತ್ತೇನೆ. ಯಾರಾದರೂ ಟೀಚರ್ ಎಂದರೆ ನನ್ನ ಹುಬ್ಬೂ ಗಂಟಾಗುತ್ತದೆ.

ಈಗ ನಮ್ಮದು ಅಬುಧಾಬಿಯ ಖಾಲಿದಿಯಾ ಬಡಾವಣೆಯಲ್ಲೊಂದು ಫ್ಲಾಟು. ಕಿಟಕಿಯ ಬಳಿ ಕುರ್ಚಿಯಿದೆ. ಕಳೆದ ಚಳಿಗಾಲದಿಂದ ಮಮ್ಮಿಯನ್ನು ಬರೆಯುತ್ತಿದ್ದೇನೆ. ಅವಳಿಗೆ ನಿವೃತ್ತಿಯ ವಯಸ್ಸಾಯಿತು, ಇನ್ನೂ ಶಿಫ್ಟು ಬಿಟ್ಟಿಲ್ಲ. ರಜೆ ಸಿಕ್ಕ ದಿನ ಬಂದು, ಅದೇ ಅಭ್ಯಾಸದಂತೆ ಟವೆಲು ಹಾಸಿ ಕೂರುತ್ತಾಳೆ. ಸೀರೆಯಲ್ಲ, ನೈಟಿ. ಸ್ವಲ್ಪ ಹೊತ್ತು ಅತ್ತಿಗೆಯಂದಿರ ಕಥೆ, ಆಮೇಲೆ ತೂಕಡಿಕೆ. ನಾನು ಸಂಜೆ ಒರೆಸುತ್ತೇನೆ. ಮೊದಮೊದಲು ಗೊಣಗುತ್ತಿದ್ದಳು, ಆ ಟರ್ಕಿಯವರ ಕೆಟ್ಟ ಬುದ್ಧಿ ನಿನಗೂ ಹಿಡಿಯಿತು ಎನ್ನುತ್ತಿದ್ದಳು. ಮೊನ್ನೆ ಎದ್ದು ಬಂದು ನನ್ನ ಪಕ್ಕದಲ್ಲಿ ನಿಂತು ನೋಡಿದಳು. ಮುಖ ಬಂದಿತ್ತು. ಎಲ್ಲಿಗೂ ಹೊರಟಿರಲಿಲ್ಲ, ಹುಬ್ಬಿನ ಜಾಗವೂ ಸೇರಿ ಅಲ್ಲಿಯೇ ಇತ್ತು. ನನಗೂ ಗೊತ್ತಿತ್ತು, ಅವಳಿಗೂ ಗೊತ್ತಾಯಿತು.

"ಸರಿಯಾಯ್ತಲ್ಲ. ಇದು ನಾನೇ. ಮುಗೀತಾ?"

ಒರೆಸುವ ಹೊತ್ತಾಗಿತ್ತು. ಚೂರಿ ಕೈಯಲ್ಲಿತ್ತು, ಎತ್ತಲೂ ಆಗಲಿಲ್ಲ, ಇಡಲೂ ಆಗಲಿಲ್ಲ. ಮಮ್ಮಿ ಚಿತ್ರವನ್ನು ಬಿಟ್ಟು ನನ್ನನ್ನು ನೋಡಿದಳು, ಆವತ್ತು ಗಲ್ಲ ಹಿಡಿದು ನೋಡಿದಷ್ಟೇ ಹೊತ್ತು. ಆಮೇಲೆ ಮೇಜಿನ ಮೇಲಿದ್ದ ಬಟ್ಟೆಯ ತುಂಡನ್ನು ತೆಗೆದು ನನ್ನ ಕೈಗೆ ಕೊಟ್ಟಳು.

"ಒರೆಸು. ಬರುವ ವಾರ ನನಗೆ ಬುಧವಾರ ರಜೆ."